ಎಪುಷ್ ಸ್ಕೋರ್: ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ, ಮೇಲಕ್ಕೆ ತರುವುದು ಹೇಗೆ

ಎಪುಷ್ ಅಂದರೆ ಎಪಿ ಯುಎಸ್ ಹಿಸ್ಟರಿ, ಅಮೆರಿಕದ ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಇತಿಹಾಸ ಪರೀಕ್ಷೆ. ಸ್ಕೋರ್ 1ರಿಂದ 5ರ ತನಕ. ಫೆಬ್ರವರಿಯ ಒಂದು ಶನಿವಾರ ನನ್ನ ಮಗಳು ಅಡುಗೆಮನೆಗೆ ಓಡಿ ಬಂದು, "ಅಮ್ಮಾ, ಬಹು ಆಯ್ಕೆಯಲ್ಲಿ 55ಕ್ಕೆ 41 ಬಂತು, 5 ಗ್ಯಾರಂಟಿ" ಅಂದಳು. ನಾನು ದಾವಣಗೆರೆಯಲ್ಲಿ ಬೆಳೆದವಳು, ಪಿಯುಸಿಯಲ್ಲಿ ಕಾಮರ್ಸ್ ಓದಿದವಳು. ನೂರಕ್ಕೆ ಹತ್ತಿರ ಹತ್ತಿರ 75, ಫಸ್ಟ್ ಕ್ಲಾಸ್ ದಾಟಿತಲ್ಲ ಅಂತ ನನಗೂ ಖುಷಿಯಾಯಿತು. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಆ 41 ಇಡೀ ಪರೀಕ್ಷೆಯ ನೂರರಲ್ಲಿ 40 ಭಾಗದ ಕಥೆ ಮಾತ್ರ. ಉಳಿದ 60 ಭಾಗ ಬರವಣಿಗೆ. ಅದರಲ್ಲಿ ಅವಳು ಒಂದು ಸಾಲನ್ನೂ ಸಮಯ ಇಟ್ಟುಕೊಂಡು ಬರೆದು ನೋಡಿರಲಿಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲೆಲ್ಲ ಮಕ್ಕಳು ಕ್ಯಾಲ್ಕುಲಸ್, ಫಿಸಿಕ್ಸ್ ಎಪಿಗಳನ್ನು ಹೇಗೋ ನಿಭಾಯಿಸುತ್ತಾರೆ. ಎಪಿ ಯುಎಸ್ ಹಿಸ್ಟರಿ ಬಂದಾಗ ಮಾತ್ರ ಅಪ್ಪ ಅಮ್ಮನಿಗೆ ಕೈಕಟ್ಟಿದ ಹಾಗಾಗುತ್ತದೆ. ನಾವು ಓದಿದ ಇತಿಹಾಸವೇ ಬೇರೆ, ಪರೀಕ್ಷೆ ಬರೆದ ರೀತಿಯೇ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಅಮೆರಿಕದ ಇತಿಹಾಸ ಓದಿರಬೇಕಾಗಿಲ್ಲ. ಮಗುವಿನ ಜೊತೆ ಕೂತು ಪಾಯಿಂಟ್ ಎಣಿಸಲು ಬಂದರೆ ಸಾಕು.

ಮೊದಲು ಲೆಕ್ಕ

ಪರೀಕ್ಷೆ ಒಟ್ಟು 3 ಗಂಟೆ 15 ನಿಮಿಷ. ನಾಲ್ಕು ಭಾಗ. ಮೊದಲನೆಯದು 55 ಬಹು ಆಯ್ಕೆ ಪ್ರಶ್ನೆ, 55 ನಿಮಿಷ, ಒಟ್ಟು ಸ್ಕೋರಿನಲ್ಲಿ 40 ಭಾಗ. ಎರಡನೆಯದು ಮೂರು ಸಣ್ಣ ಉತ್ತರದ ಪ್ರಶ್ನೆ, ಮಕ್ಕಳು ಎಸ್ಎಕ್ಯೂ ಅನ್ನುತ್ತಾರೆ, 40 ನಿಮಿಷ, 20 ಭಾಗ. ಮೂರನೆಯದು ಡಿಬಿಕ್ಯೂ, ಏಳು ದಾಖಲೆ ಕೊಟ್ಟು ಅವುಗಳ ಮೇಲೆ ಪ್ರಬಂಧ ಬರೆಸುತ್ತಾರೆ, 60 ನಿಮಿಷ, 25 ಭಾಗ. ಕೊನೆಯದು ಎಲ್ಇಕ್ಯೂ, ದಾಖಲೆ ಇಲ್ಲದ ಪ್ರಬಂಧ, 40 ನಿಮಿಷ, 15 ಭಾಗ.

ಎಸ್ಎಕ್ಯೂ ಒಂದೊಂದಕ್ಕೆ 3 ಪಾಯಿಂಟ್, ಒಟ್ಟು 9. ಡಿಬಿಕ್ಯೂಗೆ 7. ಎಲ್ಇಕ್ಯೂಗೆ 6. ಇಷ್ಟು ಗೊತ್ತಿದ್ದರೆ ಸ್ಕೋರ್ ಅಂದಾಜು ಹಾಕುವ ಯಾವ ಕ್ಯಾಲ್ಕುಲೇಟರ್ ಸೈಟೂ ಬೇಡ. ಸರಿಯಾದ ಬಹು ಆಯ್ಕೆ ಉತ್ತರಗಳನ್ನು 55ರಿಂದ ಭಾಗಿಸಿ 40ರಿಂದ ಗುಣಿಸಿ. ಎಸ್ಎಕ್ಯೂ ಪಾಯಿಂಟನ್ನು 9ರಿಂದ ಭಾಗಿಸಿ 20ರಿಂದ ಗುಣಿಸಿ. ಡಿಬಿಕ್ಯೂವನ್ನು 7ರಿಂದ ಭಾಗಿಸಿ 25ರಿಂದ, ಎಲ್ಇಕ್ಯೂವನ್ನು 6ರಿಂದ ಭಾಗಿಸಿ 15ರಿಂದ ಗುಣಿಸಿ. ನಾಲ್ಕನ್ನೂ ಕೂಡಿಸಿ. ನೂರಕ್ಕೆ ಎಷ್ಟು ಅಂತ ಬಂತು.

ಆ ಶನಿವಾರ ಮಧ್ಯಾಹ್ನ ಅವಳಿಂದ ಉಳಿದ ಮೂರು ಭಾಗವನ್ನೂ ಬರೆಸಿದೆ. ಎಸ್ಎಕ್ಯೂ 9ಕ್ಕೆ 5, ಡಿಬಿಕ್ಯೂ 7ಕ್ಕೆ 3, ಎಲ್ಇಕ್ಯೂ 6ಕ್ಕೆ 2. ಲೆಕ್ಕ ಹೀಗೆ ಬಂತು: ಬಹು ಆಯ್ಕೆಗೆ 29.8, ಎಸ್ಎಕ್ಯೂಗೆ 11.1, ಡಿಬಿಕ್ಯೂಗೆ 10.7, ಎಲ್ಇಕ್ಯೂಗೆ 5. ಒಟ್ಟು 56.6. ಬೆಳಿಗ್ಗೆ ಗ್ಯಾರಂಟಿ ಅಂದಿದ್ದ 5 ಮಧ್ಯಾಹ್ನದ ಹೊತ್ತಿಗೆ 3ಕ್ಕೆ ಬಂದು ನಿಂತಿತ್ತು. ಮಗು ಸಪ್ಪಗಾದಳು. ಆದರೆ ಫೆಬ್ರವರಿಯಲ್ಲಿ ಗೊತ್ತಾಗಿದ್ದು ಎಷ್ಟು ಒಳ್ಳೆಯದಾಯಿತು, ಅಲ್ವಾ? ಪರೀಕ್ಷೆ ಇರುವುದು ಮೇ ತಿಂಗಳಲ್ಲಿ.

ಈ ಲೆಕ್ಕದಿಂದ ಇನ್ನೊಂದು ವಿಷಯ ಹೊರಗೆ ಬರುತ್ತದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಒಂದು ಬಹು ಆಯ್ಕೆ ಪ್ರಶ್ನೆಯ ಬೆಲೆ ನೂರರಲ್ಲಿ 0.73. ಎಸ್ಎಕ್ಯೂನ ಒಂದು ಪಾಯಿಂಟ್ 2.2. ಎಲ್ಇಕ್ಯೂನದು 2.5. ಡಿಬಿಕ್ಯೂನ ಒಂದು ಪಾಯಿಂಟ್ ಸುಮಾರು 3.6. ಅಂದರೆ ಡಿಬಿಕ್ಯೂನಲ್ಲಿ ಒಂದೇ ಒಂದು ಪಾಯಿಂಟ್ ಜಾಸ್ತಿ ತೆಗೆದರೆ ಐದು ಬಹು ಆಯ್ಕೆ ಪ್ರಶ್ನೆ ಸರಿ ಮಾಡಿದ ಹಾಗೆ. 41ರಿಂದ 46ಕ್ಕೆ ಹೋಗಲು ಮಗು ಎಷ್ಟು ಪುಟ ತಿರುವಬೇಕು, ಯೋಚಿಸಿ. ಡಿಬಿಕ್ಯೂನ ಒಂದು ಪಾಯಿಂಟನ್ನು ಎರಡು ವಾರದಲ್ಲಿ ಕಲಿಸಬಹುದು.

ಗೆರೆ ಎಲ್ಲಿದೆ

56.6 ಅಂದರೆ 3 ಅಂತ ನಾನು ಹೇಳಿದ್ದು ಹೇಗೆ? ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಪ್ರತಿ ವರ್ಷದ ಗೆರೆಯನ್ನು, ಅಂದರೆ ನೂರಕ್ಕೆ ಎಷ್ಟು ಬಂದರೆ ಯಾವ ಸ್ಕೋರ್ ಅನ್ನುವುದನ್ನು, ಹೊರಗೆ ಬಿಡುವುದಿಲ್ಲ. ಪ್ರಶ್ನೆಪತ್ರಿಕೆ ಎಷ್ಟು ಕಷ್ಟ ಇತ್ತು ಅನ್ನುವುದರ ಮೇಲೆ ಅದು ಸ್ವಲ್ಪ ಸರಿದಾಡುತ್ತದೆ. ನಾನು ಮನೆ ಮಟ್ಟಿಗೆ ಇಟ್ಟುಕೊಂಡ ಗೆರೆ ಇದು, ಬೇಕೆಂದೇ ಸ್ವಲ್ಪ ಬಿಗಿ ಮಾಡಿದ್ದು: 75ರ ಮೇಲೆ ಇದ್ದರೆ 5ರ ಆಸೆ ಇಟ್ಟುಕೊಳ್ಳಬಹುದು, 60 ದಾಟಿದರೆ 4, 45 ದಾಟಿದರೆ 3. ಬಂದ ಸಂಖ್ಯೆಗೆ ಆ ಕಡೆ 4, ಈ ಕಡೆ 4 ಬಿಟ್ಟು ನೋಡಿ. 62 ಬಂದರೆ ಅದನ್ನು 58ರಿಂದ 66 ಅಂತ ಓದಿ. ಆಗ ಮಗು 4ರ ಅಂಚಿನಲ್ಲಿದೆ ಅಂತ ಅರ್ಥ, ಒಳಗೆ ಬಂದು ಕೂತಿಲ್ಲ.

ಹಳೆಯ ಕ್ಯಾಲ್ಕುಲೇಟರ್‌ಗಳ ಬಗ್ಗೆ ಒಂದು ಎಚ್ಚರಿಕೆ. 2023ರಲ್ಲಿ ಈ ಪರೀಕ್ಷೆ ಬರೆದವರಲ್ಲಿ 3 ಅಥವಾ ಅದಕ್ಕಿಂತ ಮೇಲೆ ಪಡೆದವರು ಅರ್ಧಕ್ಕಿಂತ ಕಡಿಮೆ. 2024ರಲ್ಲಿ ಅದು ನೂರಕ್ಕೆ 72ರ ಹತ್ತಿರ ಹೋಯಿತು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ಅಷ್ಟು ಬದಲಾಗಲು ಸಾಧ್ಯವಿಲ್ಲ. ಕಾಲೇಜ್ ಬೋರ್ಡ್ ಗೆರೆ ಎಳೆಯುವ ವಿಧಾನವನ್ನೇ ಬದಲಾಯಿಸಿತ್ತು. ಹಾಗಾಗಿ ಅದಕ್ಕಿಂತ ಹಿಂದಿನ ಗೆರೆ ಇಟ್ಟುಕೊಂಡ ಕ್ಯಾಲ್ಕುಲೇಟರ್ ಈಗಿನ ಮಗುವಿನ ಸ್ಕೋರನ್ನು ಕಡಿಮೆ ತೋರಿಸುವ ಸಾಧ್ಯತೆ ಜಾಸ್ತಿ. ಅದನ್ನು ನೋಡಿ ಮಗು ಕಂಗಾಲಾಗುವುದು ಬೇಡ. ಅದಕ್ಕಿಂತ ಸಡಿಲ ಗೆರೆ ಊಹಿಸಿಕೊಂಡು ನಿರಾಳವಾಗುವುದೂ ಬೇಡ.

ಎಷ್ಟು ಬೇಕು ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಎಷ್ಟೋ ಸರ್ಕಾರಿ ಯೂನಿವರ್ಸಿಟಿಗಳು 3ಕ್ಕೂ ಕ್ರೆಡಿಟ್ ಕೊಡುತ್ತವೆ, ಅಂದರೆ ಆ ವಿಷಯವನ್ನು ಕಾಲೇಜಿನಲ್ಲಿ ಆಗಲೇ ಓದಿದ ಲೆಕ್ಕಕ್ಕೆ ಹಿಡಿಯುತ್ತವೆ, ಸೀಟಿಗೆ ಪೈಪೋಟಿ ಇರುವ ಕಾಲೇಜುಗಳು 4 ಅಥವಾ 5 ಕೇಳುತ್ತವೆ. ಆಯಾ ಕಾಲೇಜಿನ ಸೈಟಿನಲ್ಲೇ ನೋಡಿಕೊಳ್ಳಿ.

ಬರೆದದ್ದಕ್ಕೆ ಪ್ರಾಮಾಣಿಕವಾಗಿ ಪಾಯಿಂಟ್ ಹಾಕುವುದು

ಲೆಕ್ಕ ತಪ್ಪುವುದು ಇಲ್ಲೇ. ಮಕ್ಕಳು ತಮ್ಮ ಪ್ರಬಂಧ ಓದಿಕೊಂಡು "ಚೆನ್ನಾಗಿದೆ, 5 ಕೊಡಬಹುದು" ಅನ್ನುತ್ತಾರೆ. ನಾವು ಓದಿದರೆ ಇಂಗ್ಲಿಷ್ ನೋಡಿಯೇ ಬೆರಗಾಗಿ 6 ಕೊಡುತ್ತೇವೆ. ಎರಡೂ ತಪ್ಪು. ಇಂಗ್ಲಿಷ್ ಸೊಗಸಾಗಿರುವುದಕ್ಕೆ ಇಲ್ಲಿ ಪಾಯಿಂಟೇ ಇಲ್ಲ. ಸಣ್ಣಪುಟ್ಟ ವ್ಯಾಕರಣ ತಪ್ಪಿಗೆ ಕಡಿತವೂ ಇಲ್ಲ. ಒಂದೊಂದು ಪಾಯಿಂಟಿಗೂ ಒಂದು ಕೆಲಸ ಗೊತ್ತು ಮಾಡಿದ್ದಾರೆ, ಆ ಕೆಲಸ ಆಗಿದ್ದರೆ ಪಾಯಿಂಟ್, ಆಗಿಲ್ಲದಿದ್ದರೆ ಸೊನ್ನೆ. ಅರ್ಧ ಪಾಯಿಂಟ್ ಅನ್ನುವುದಿಲ್ಲ.

ನಾವು ಮಾಡಿದ ಒಂದು ಕೆಲಸ ತುಂಬಾ ಉಪಯೋಗಕ್ಕೆ ಬಂತು. ಕಾಲೇಜ್ ಬೋರ್ಡಿನ ಎಪಿ ಸೆಂಟ್ರಲ್ ಸೈಟಿನಲ್ಲಿ ಹಳೆಯ ವರ್ಷಗಳ ಬರವಣಿಗೆ ಪ್ರಶ್ನೆಗಳಿವೆ. ಜೊತೆಗೆ ನಿಜವಾದ ವಿದ್ಯಾರ್ಥಿಗಳ ಉತ್ತರಗಳು, ಅವಕ್ಕೆ ಬಂದ ಪಾಯಿಂಟ್, ಯಾಕೆ ಬಂತು ಅಥವಾ ಯಾಕೆ ಬರಲಿಲ್ಲ ಅನ್ನುವ ವಿವರಣೆ, ಎಲ್ಲ ಪುಕ್ಕಟೆ. ನಾನು ಪಾಯಿಂಟ್ ಇರುವ ಹಾಳೆಯನ್ನು ಬಚ್ಚಿಟ್ಟು ಉತ್ತರ ಮಾತ್ರ ಪ್ರಿಂಟ್ ತೆಗೆದೆ. ಅವಳು ಒಂದು ಕಡೆ, ನಾನು ಒಂದು ಕಡೆ ಕೂತು ಪಾಯಿಂಟ್ ಹಾಕಿದೆವು. ಆಮೇಲೆ ಹೋಲಿಸಿದೆವು. ಮೊದಲ ಮೂರು ಉತ್ತರಗಳಲ್ಲಿ ಇಬ್ಬರೂ ಧಾರಾಳ ಮಾಡಿದ್ದೆವು. ಆರನೆಯದರ ಹೊತ್ತಿಗೆ ಒಂದು ಪಾಯಿಂಟ್ ಆಚೆ ಈಚೆ ಅಷ್ಟೇ. ಅಲ್ಲಿಂದ ಮುಂದೆ ಅವಳು ತನ್ನ ಪ್ರಬಂಧಕ್ಕೆ ಹಾಕಿಕೊಳ್ಳುವ ಪಾಯಿಂಟನ್ನು ನಂಬಬಹುದಿತ್ತು. ಅನುಮಾನ ಬಂದರೆ ಸೊನ್ನೆ ಹಾಕು ಅನ್ನುವುದೊಂದೇ ನಿಯಮ.

ಹಾಳೆ ತೆಗೆಯುವಾಗ ವರ್ಷ ನೋಡಿ. 2023-24ರ ಶಾಲಾ ವರ್ಷದಿಂದ ರೂಬ್ರಿಕ್, ಅಂದರೆ ಯಾವ ಕೆಲಸಕ್ಕೆ ಯಾವ ಪಾಯಿಂಟ್ ಅನ್ನುವ ಪಟ್ಟಿ, ಬದಲಾಗಿದೆ. ಮೊದಲು ಡಿಬಿಕ್ಯೂನಲ್ಲಿ ಆರು ದಾಖಲೆ ಬಳಸಬೇಕಿತ್ತು, ಈಗ ನಾಲ್ಕು ಸಾಕು. ಮೂರು ದಾಖಲೆಗಳ ಹಿನ್ನೆಲೆ ವಿವರಿಸಬೇಕಿತ್ತು, ಈಗ ಎರಡು. ಅಣ್ಣನೋ ಅಕ್ಕನೋ ಬಿಟ್ಟುಹೋದ ಹಳೆ ಗೈಡ್ ಮನೆಯಲ್ಲಿದ್ದರೆ ಇದನ್ನು ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಡಿಬಿಕ್ಯೂ, ನಿಧಾನವಾಗಿ

7 ಪಾಯಿಂಟ್ ಎಲ್ಲೆಲ್ಲಿವೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ನಾನೇ ಮಾಡಿದ ಪ್ರಶ್ನೆ: 1882ರಿಂದ 1965ರವರೆಗೆ ಅಮೆರಿಕದ ವಲಸೆ ನೀತಿ ಎಷ್ಟರ ಮಟ್ಟಿಗೆ ಬದಲಾಯಿತು? ಈ ವಿಷಯ ಆರಿಸಲು ಕಾರಣವಿದೆ. ನಮ್ಮ ಪರಿಚಯದ ಹಿರಿಯ ಕನ್ನಡಿಗರಲ್ಲಿ ಬಹಳ ಮಂದಿ ಡಾಕ್ಟರ್, ಎಂಜಿನಿಯರ್ ಆಗಿ ಇಲ್ಲಿಗೆ ಬಂದದ್ದು 1965ರ ಆಮೇಲೆ. ಅದಕ್ಕೆ ಮೊದಲು ಯಾಕೆ ಬರಲಿಲ್ಲ ಅಂತ ಮಗಳನ್ನು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ, ನನಗೂ ಅಷ್ಟಾಗಿ ಗೊತ್ತಿರಲಿಲ್ಲ. ಇಬ್ಬರೂ ಪುಸ್ತಕ ತೆಗೆದು ಓದಿದೆವು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಿತ್ತು. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದಾಗ ಇಡೀ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. "ಬರೀ ನೂರಾ?" ಅಂತ ಅವಳು ಎರಡು ಸಲ ಕೇಳಿದಳು. ಆ ಸಂಖ್ಯೆ ಅವಳು ಇನ್ನು ಮರೆಯುವುದಿಲ್ಲ.

ಮೊದಲ ಪಾಯಿಂಟ್ ಥೀಸಿಸ್‌ಗೆ, ಅಂದರೆ ಇಡೀ ಪ್ರಬಂಧದ ವಾದವನ್ನು ಮೊದಲೇ ಹೇಳುವ ಮಾತಿಗೆ. "ವಲಸೆ ನೀತಿ ಬಹಳಷ್ಟು ಬದಲಾಯಿತು, ಆದರೆ ಕೆಲವು ವಿಷಯ ಹಾಗೇ ಉಳಿದವು" ಅಂತ ಬರೆದರೆ ಸೊನ್ನೆ. ಪ್ರಶ್ನೆಯನ್ನೇ ತಿರುಗಿಸಿ ಹೇಳಿದ ಹಾಗಾಯಿತು. ಇದನ್ನು ನೋಡಿ: "1882ರ ಚೀನೀ ನಿಷೇಧದಿಂದ 1924ರ ಕೋಟಾ ಕಾಯ್ದೆಯ ತನಕ ಜನಾಂಗ ಮತ್ತು ದೇಶ ನೋಡಿ ಬಾಗಿಲು ಹಾಕುವುದೇ ನೀತಿಯಾಗಿತ್ತು, 1965ರ ಕಾಯ್ದೆ ಆ ಕೋಟಾ ತೆಗೆದು ಕುಟುಂಬ ಮತ್ತು ಕೌಶಲಕ್ಕೆ ಒತ್ತು ಕೊಟ್ಟಿತು, ಆದರೂ ಬರುವವರ ಸಂಖ್ಯೆಗೆ ಮಿತಿ ಹಾಕುವ ಮನಸ್ಸು ಹೋಗಲಿಲ್ಲ." ಇಲ್ಲಿ ಏನು ಬದಲಾಯಿತು, ಏನು ಉಳಿಯಿತು ಎರಡೂ ಹೆಸರು ಹಿಡಿದು ಬಂದಿವೆ. ಪ್ರಬಂಧ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಪಾಯಿಂಟ್ ಬಂತು.

ಎರಡನೆಯದು ಹಿನ್ನೆಲೆಗೆ. ಮಕ್ಕಳು ಒಂದೇ ವಾಕ್ಯ ಬರೆದು ಮುಂದೆ ಓಡುತ್ತಾರೆ, ಅದು ಸಾಲದು. ಮೂರು ನಾಲ್ಕು ವಾಕ್ಯ ಬೇಕು, ಪ್ರಶ್ನೆಯ ಕಾಲಕ್ಕಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಇಲ್ಲಿ ಆದರೆ ಪಶ್ಚಿಮದ ರೈಲು ಹಳಿ ಹಾಕಲು ಚೀನೀ ಕೂಲಿಗಳನ್ನು ದುಡಿಸಿಕೊಂಡದ್ದು, 1869ರಲ್ಲಿ ಆ ಹಳಿ ಮುಗಿದದ್ದು, 1873ರ ಆರ್ಥಿಕ ಕುಸಿತದ ಆಮೇಲೆ ಕೆಲಸಕ್ಕೆ ಜಗಳ ಶುರುವಾಗಿ ಕ್ಯಾಲಿಫೋರ್ನಿಯಾದಲ್ಲಿ ಅವರ ಮೇಲೆ ಸಿಟ್ಟು ತಿರುಗಿದ್ದು. ಕೊನೆಗೆ, 1882ರ ಕಾಯ್ದೆಗೆ ಇದೇ ದಾರಿ ಮಾಡಿತು ಅಂತ ಕೊಂಡಿ ಹಾಕಬೇಕು. ಕೊಂಡಿ ಇಲ್ಲದಿದ್ದರೆ ಅಷ್ಟೂ ಬರೆದದ್ದು ಸುಮ್ನೆ ಹೋಗುತ್ತದೆ.

ಆಮೇಲೆ ದಾಖಲೆಗಳು. ಮೂರು ದಾಖಲೆಯಲ್ಲಿ ಏನಿದೆ ಅಂತ ಸರಿಯಾಗಿ ಹೇಳಿದರೆ 1, ನಾಲ್ಕು ದಾಖಲೆಯನ್ನು ನಿಮ್ಮ ವಾದಕ್ಕೆ ಆಧಾರವಾಗಿ ಬಳಸಿದರೆ 2. ನನ್ನ ಸಲಹೆ, ಐದು ಅಥವಾ ಆರು ಬಳಸಲಿ. ಒಂದನ್ನು ತಪ್ಪಾಗಿ ಓದಿಕೊಂಡಿದ್ದರೂ ನಾಲ್ಕು ಉಳಿಯುತ್ತವೆ. ಉದ್ದುದ್ದ ಸಾಲು ಎತ್ತಿ ಬರೆಯುವುದು ಬೇಡ, ಸಮಯ ಹಾಳು. ತಮ್ಮ ಮಾತಿನಲ್ಲಿ ಒಂದು ವಾಕ್ಯ, ಅದು ಯಾಕೆ ನನ್ನ ವಾದಕ್ಕೆ ಬೇಕು ಅಂತ ಇನ್ನೊಂದು ವಾಕ್ಯ. ನನ್ನ ಮಗಳು ಎಡವುತ್ತಿದ್ದದ್ದು ಆ ಎರಡನೇ ವಾಕ್ಯದಲ್ಲಿ. ನಾನು ಅವಳ ಹಾಳೆಯ ಅಂಚಿನಲ್ಲಿ "ಅದಕ್ಕೆ?" ಅಂತ ಮಾತ್ರ ಬರೆಯುತ್ತಿದ್ದೆ. ಎಂಟು ಹತ್ತು ಸಲ ಬರೆದ ಮೇಲೆ ಅವಳೇ ಮನಸ್ಸಿನಲ್ಲಿ ಆ ಪ್ರಶ್ನೆ ಕೇಳಿಕೊಳ್ಳತೊಡಗಿದಳು.

ದಾಖಲೆಗಳ ಹೊರಗಿನ ಒಂದು ಸಾಕ್ಷ್ಯಕ್ಕೆ 1 ಪಾಯಿಂಟ್. ಅದು ಹೆಸರಿರುವ, ಗಟ್ಟಿಯಾದ ಒಂದು ಸಂಗತಿಯಾಗಿರಬೇಕು, ಹಿನ್ನೆಲೆಯಲ್ಲಿ ಆಗಲೇ ಹೇಳಿದ್ದನ್ನು ಮತ್ತೆ ತಂದರೆ ಆಗುವುದಿಲ್ಲ. ಥಿಂಡ್ ಮೊಕದ್ದಮೆ ದಾಖಲೆಗಳಲ್ಲಿ ಇಲ್ಲದಿದ್ದರೆ ಇಲ್ಲಿ ಬಳಸಬಹುದು. ಎರಡು ಇಟ್ಟುಕೊಂಡರೆ ಒಳ್ಳೆಯದು, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಇನ್ನು ಎರಡು ದಾಖಲೆಗಳ ಬಗ್ಗೆ, ಯಾರು ಬರೆದರು, ಯಾರಿಗಾಗಿ, ಯಾವ ಉದ್ದೇಶಕ್ಕೆ, ಯಾವ ಸಂದರ್ಭದಲ್ಲಿ, ಇದರಲ್ಲಿ ಯಾವುದಾದರೂ ಒಂದನ್ನು ವಿವರಿಸಿದರೆ ಇನ್ನೊಂದು ಪಾಯಿಂಟ್. ಒಬ್ಬ ಕಾರ್ಮಿಕ ನಾಯಕ ವಲಸೆ ವಿರುದ್ಧ ಮಾಡಿದ ಭಾಷಣ ಕೊಟ್ಟಿದ್ದಾರೆ ಅಂದುಕೊಳ್ಳಿ. "ಇವನು ಕಾರ್ಮಿಕ ನಾಯಕ, ಆದ್ದರಿಂದ ಪಕ್ಷಪಾತಿ" ಅಂತ ಬರೆದರೆ ಏನೂ ಬರುವುದಿಲ್ಲ. "ಕೂಲಿ ಕಡಿಮೆಯಾಗುತ್ತದೆ ಅಂತ ಹೆದರಿದ ಸದಸ್ಯರ ಮುಂದೆ ಮಾತಾಡುತ್ತಿದ್ದರಿಂದ ಇವನು ಸಂಸ್ಕೃತಿಯ ಮಾತು ಎತ್ತದೆ ಸಂಬಳದ ಮಾತನ್ನೇ ಆಡಿದ, ನಿರ್ಬಂಧದ ಹಿಂದೆ ದ್ವೇಷದ ಜೊತೆ ಹೊಟ್ಟೆಪಾಡೂ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ" ಅಂತ ಬರೆದರೆ ಬರುತ್ತದೆ. ವ್ಯತ್ಯಾಸ ಕಾಣಿಸಿತಲ್ಲ?

ಕೊನೆಯ ಪಾಯಿಂಟ್ ಕಾಂಪ್ಲೆಕ್ಸಿಟಿ, ವಿಷಯವನ್ನು ಹಲವು ಕಡೆಯಿಂದ ನೋಡಿದ್ದಕ್ಕೆ. ಈಗ ಏಳೂ ದಾಖಲೆಗಳನ್ನು ವಾದಕ್ಕೆ ಚೆನ್ನಾಗಿ ಬಳಸಿದರೂ ಇದು ಸಿಗಬಹುದು. ಅಂದಾಜು ಹಾಕುವಾಗ ಇದಕ್ಕೆ ಯಾವಾಗಲೂ ಸೊನ್ನೆ ಹಾಕಿ. ಬಂದರೆ ಸಂತೋಷ. ಉಳಿದ ಆರು ಕೈಗೆ ಬರುವ ಮೊದಲೇ ಇದರ ಹಿಂದೆ ಬಿದ್ದ ಮಕ್ಕಳು ಪ್ರಬಂಧವನ್ನೇ ಗೋಜಲು ಮಾಡಿಕೊಳ್ಳುತ್ತಾರೆ.

ಎಲ್ಇಕ್ಯೂ ಮತ್ತು ಗಡಿಯಾರ

ಎಲ್ಇಕ್ಯೂ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಥೀಸಿಸ್, ಹಿನ್ನೆಲೆ ಅದೇ ರೀತಿ. ಸಾಕ್ಷ್ಯಕ್ಕೆ 2, ವಿಶ್ಲೇಷಣೆಗೆ 2. ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಬೇಕು: 1491ರಿಂದ 1800, 1800ರಿಂದ 1898, 1890ರಿಂದ 2001. ಇಷ್ಟವಾದ ಕಾಲ ಯಾವುದು ಅಂತ ನೋಡಬೇಡಿ. ಎರಡು ನಿಮಿಷದಲ್ಲಿ ನಾಲ್ಕು ಹೆಸರು, ಕಾಯ್ದೆ, ಘಟನೆ ಯಾವುದಕ್ಕೆ ಬರೆಯಲು ಆಗುತ್ತದೋ ಅದನ್ನು ತೆಗೆದುಕೊಳ್ಳಲಿ.

ತೊಂದರೆ ಇರುವುದು ಸಮಯದಲ್ಲಿ. ಡಿಬಿಕ್ಯೂ ಮತ್ತು ಎಲ್ಇಕ್ಯೂ ಎರಡಕ್ಕೂ ಸೇರಿಸಿ 100 ನಿಮಿಷ ಕೊಡುತ್ತಾರೆ, ನಡುವೆ ನಿಲ್ಲಿಸಿ ಮುಂದಿನದಕ್ಕೆ ಹೋಗು ಅಂತ ಯಾರೂ ಹೇಳುವುದಿಲ್ಲ. ನನ್ನ ಮಗಳು ಮಾರ್ಚ್‌ನಲ್ಲಿ ಒಂದು ಸಲ ಡಿಬಿಕ್ಯೂಗೆ 75 ನಿಮಿಷ ಹಾಕಿದಳು. ಅಲ್ಲಿ 5 ಪಾಯಿಂಟ್ ಬಂತು. ಎಲ್ಇಕ್ಯೂಗೆ 25 ನಿಮಿಷ ಉಳಿಯಿತು, ಒಂದೂವರೆ ಪ್ಯಾರಾ ಬರೆದು 1 ಪಾಯಿಂಟ್. ಮುಂದಿನ ವಾರ 60ನೇ ನಿಮಿಷಕ್ಕೆ ವಾಕ್ಯ ಅರ್ಧ ಇದ್ದರೂ ಬಿಟ್ಟು ಎಲ್ಇಕ್ಯೂಗೆ ಹೋಗು ಅಂದೆ. ಡಿಬಿಕ್ಯೂ ಆಗಲೂ 5, ಎಲ್ಇಕ್ಯೂ 4. ಹೆಚ್ಚಿನ ಆ 15 ನಿಮಿಷ ಡಿಬಿಕ್ಯೂಗೆ ಏನನ್ನೂ ಸೇರಿಸಿರಲಿಲ್ಲ.

2025ರಿಂದ ಪರೀಕ್ಷೆ ಪೂರ್ತಿ ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲಿ, ಲ್ಯಾಪ್‌ಟಾಪ್ ಮೇಲೆ. ಅಭ್ಯಾಸವನ್ನೂ ಟೈಪ್ ಮಾಡಿಯೇ ಮಾಡಲಿ. ದಾಖಲೆ ಪರದೆ ಮೇಲೆ ಓದುವುದು, ಅದೇ ಪರದೆಯಲ್ಲಿ ಬರೆಯುವುದು, ಇದಕ್ಕೆ ಕಣ್ಣು ಒಗ್ಗಲು ಕೆಲವು ಸಲ ಬೇಕಾಗುತ್ತದೆ.

ಸಣ್ಣ ಉತ್ತರದಲ್ಲಿ ಸೋರಿಹೋಗುವ ಪಾಯಿಂಟ್

ಎಸ್ಎಕ್ಯೂಗೆ ಥೀಸಿಸ್ ಬೇಡ, ಪೀಠಿಕೆ ಬೇಡ. ಎ, ಬಿ, ಸಿ ಅಂತ ಮೂರು ಪ್ರಶ್ನೆ, ಒಂದೊಂದಕ್ಕೆ ಎರಡು ಮೂರು ವಾಕ್ಯ. ಪಾಯಿಂಟ್ ಹೋಗುವುದು ಉತ್ತರ ತೆಳ್ಳಗಿರುವುದರಿಂದ. ದಕ್ಷಿಣದ ಕಪ್ಪು ಜನ ಉತ್ತರದ ಊರುಗಳಿಗೆ ದೊಡ್ಡ ಸಂಖ್ಯೆಯಲ್ಲಿ ಹೋದದ್ದಕ್ಕೆ ಒಂದು ಕಾರಣ ವಿವರಿಸಿ ಅಂದರೆ ಅವಳು "ಒಳ್ಳೆಯ ಕೆಲಸಕ್ಕಾಗಿ" ಅಂತ ಬರೆದಿದ್ದಳು. ಸುಳ್ಳಲ್ಲ, ಆದರೆ ಯಾವ ದೇಶದ ಯಾವ ಕಾಲಕ್ಕೂ ಹೊಂದುವ ಮಾತು. "ಮೊದಲ ಮಹಾಯುದ್ಧದಲ್ಲಿ ಯೂರೋಪಿನಿಂದ ಬರುವವರು ನಿಂತುಹೋಗಿ ಷಿಕಾಗೋ, ಡೆಟ್ರಾಯಿಟ್ ಕಾರ್ಖಾನೆಗಳಿಗೆ ಆಳು ಸಾಲದಾಯಿತು, ಆ ಕೆಲಸ ದಕ್ಷಿಣದಲ್ಲಿ ಕಪ್ಪು ಜನರನ್ನು ಬೇರೆಯಾಗಿ ಇಡುತ್ತಿದ್ದ ಜಿಮ್ ಕ್ರೋ ಕಾನೂನುಗಳಿಂದ ಬೇಸತ್ತವರನ್ನು ಎಳೆಯಿತು" ಅಂತ ಬರೆದಾಗ ಪಾಯಿಂಟ್ ಬಂತು. ಒಂದು ಹೆಸರು, ಒಂದು ಕಾಲ, ಒಂದು "ಆದ್ದರಿಂದ". ಈ ಮೂರೂ ಇದೆಯಾ ಅಂತ ನೋಡಿದರೆ ಸಾಕು.

ಬಹು ಆಯ್ಕೆಯಲ್ಲಿ ಏನು ಮಾಡಬೇಕು

ಮೊದಲಿಗೆ, ಇಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ. ನೀಟ್ ಬರೆದ ಅಣ್ಣ ಅಕ್ಕಂದಿರು ಊರಿನಲ್ಲಿ ಇರುವ ಮನೆಗಳಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟುಬಿಡು ಅಂತ ಹೇಳುವುದುಂಟು. ಇಲ್ಲಿ ಒಂದನ್ನೂ ಬಿಡಬಾರದು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಲು ಬಂದರೆ ಅರ್ಧ ಗೆದ್ದ ಹಾಗೆ.

ತಪ್ಪಾದ ಪ್ರಶ್ನೆಗಳನ್ನು ಮೂರು ರಾಶಿ ಮಾಡಿ. ವಿಷಯವೇ ಗೊತ್ತಿರಲಿಲ್ಲ, ಕೊಟ್ಟ ಭಾಗವನ್ನು ತಪ್ಪಾಗಿ ಓದಿದೆ, ಕಾಲ ತಪ್ಪಿತು. ಮೂರನೆಯ ರಾಶಿ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದಿತ್ತು. 1848ರಲ್ಲಿ ಹೆಂಗಸರ ಹಕ್ಕುಗಳಿಗಾಗಿ ನಡೆದ ಸೆನೆಕಾ ಫಾಲ್ಸ್ ಸಭೆಯ ಬರಹದ ಒಂದು ಭಾಗ ಕೊಟ್ಟು, ಇದಕ್ಕೆ ಹತ್ತಿರದ ಸಂದರ್ಭ ಯಾವುದು ಅಂತ ಕೇಳಿದರೆ ಅವಳು ಹೆಂಗಸರಿಗೆ ಮತದ ಹಕ್ಕು ಕೊಟ್ಟ ತಿದ್ದುಪಡಿಯನ್ನು ಆರಿಸಿದ್ದಳು. ವಿಷಯ ಅದೇ, ಆದರೆ ಅದು ಆದದ್ದು 1920ರಲ್ಲಿ. ಈ ಪರೀಕ್ಷೆಯ ತಪ್ಪು ಆಯ್ಕೆಗಳಲ್ಲಿ ಎಷ್ಟೋ ಹೀಗೇ ಇರುತ್ತವೆ: ಮಾತು ನಿಜ, ಕಾಲ ಬೇರೆ. ಪ್ರಶ್ನೆ ಓದುವ ಮೊದಲು ಮೂಲದ ಕೆಳಗಿರುವ ವರ್ಷ ನೋಡುವ ಅಭ್ಯಾಸ ಮಾಡಿಸಿದೆ. ಅದರಿಂದಲೇ ಎರಡು ಮೂರು ಪ್ರಶ್ನೆ ಉಳಿದವು.

ಏನು ಓದಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಪಠ್ಯದ ಒಂಬತ್ತು ಯೂನಿಟ್‌ಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಪರೀಕ್ಷೆಯ ನೂರರಲ್ಲಿ ತಲಾ 4ರಿಂದ 6 ಭಾಗ, ಎರಡನೆಯದು 6ರಿಂದ 8. ನಡುವಿನ ಆರು, ಅಂದರೆ 1754ರಿಂದ 1980ರ ತನಕ, ತಲಾ 10ರಿಂದ 17. ಡಿಬಿಕ್ಯೂ ಬರುವುದೂ ಈ ಕಾಲದ ಒಳಗೆ. ನಮ್ಮ ಕಡೆ ಮಕ್ಕಳು ಸೆಪ್ಟೆಂಬರ್‌ನಲ್ಲಿ ಹೊಸ ಪುಸ್ತಕದ ಹುರುಪಿನಲ್ಲಿ ಮೊದಲ ವಸಾಹತುಗಳನ್ನು ಬಾಯಿಪಾಠ ಮಾಡಿರುತ್ತಾರೆ, ಏಪ್ರಿಲ್ ಹೊತ್ತಿಗೆ ಸುಸ್ತಾಗಿ 1945ರ ಆಮೇಲಿನದನ್ನು ಓಡಿಸಿಬಿಡುತ್ತಾರೆ. ತಿರುಗಿ ಓದುವಾಗ ಹಿಂದಿನಿಂದ ಶುರು ಮಾಡಿ. ಶೀತಲ ಸಮರ, ನಾಗರಿಕ ಹಕ್ಕುಗಳ ಹೋರಾಟ, ಲಿಂಡನ್ ಜಾನ್ಸನ್ ಕಾಲದ ಗ್ರೇಟ್ ಸೊಸೈಟಿ ಕಾಯ್ದೆಗಳು, ವಿಯೆಟ್ನಾಂ. ಆಮೇಲೆ 1930ರ ದಶಕದ ನ್ಯೂ ಡೀಲ್, ಅಲ್ಲಿಂದ ಹಿಂದಕ್ಕೆ.

ನಮ್ಮ ವಾರಗಳು

ಮಾರ್ಚ್ ಮೊದಲ ವಾರದಿಂದ ನಾವು ಮಾಡಿದ್ದು ಇಷ್ಟೇ. ಶನಿವಾರ ಬೆಳಿಗ್ಗೆ ಒಂದು ಡಿಬಿಕ್ಯೂ ಅಥವಾ ಎಲ್ಇಕ್ಯೂ, ಗಡಿಯಾರ ಇಟ್ಟು. ಸಂಜೆ ರೂಬ್ರಿಕ್ ಹಿಡಿದು ಪಾಯಿಂಟ್. ವಾರದ ನಡುವೆ ಎರಡು ದಿನ ಒಂದೊಂದು ಎಸ್ಎಕ್ಯೂ, ಹದಿಮೂರು ನಿಮಿಷ. ಇನ್ನೊಂದು ದಿನ ಬರೀ ಥೀಸಿಸ್: ಐದು ಪ್ರಶ್ನೆಗೆ ಐದು ಥೀಸಿಸ್, ಪ್ರಬಂಧ ಬರೆಯುವುದು ಬೇಡ. ಇದು ನನಗೆ ತುಂಬಾ ಹಿಡಿಸಿತು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಬಹಳ ಕಲಿಸುತ್ತದೆ. ಮೂರು ವಾರಕ್ಕೊಮ್ಮೆ ಪೂರ್ತಿ ಪರೀಕ್ಷೆ, ಆಮೇಲೆ ನೂರಕ್ಕೆ ಎಷ್ಟು ಅಂತ ಫ್ರಿಜ್ ಮೇಲೆ ಬರೆದಿಡುವುದು. 56.6 ಅಲ್ಲೇ ಮೇಲೆ ಇತ್ತು. ಒಂದು ದಿನ ಅವಳು ಅದನ್ನು ತೆಗೆದುಬಿಡೋಣ ಅಂದಳು, "ಇರಲಿ ಪುಟ್ಟಿ, ಎಲ್ಲಿಂದ ಬಂದೆ ಅಂತ ಕಾಣಲಿ" ಅಂದೆ.

ಏಪ್ರಿಲ್ ಕೊನೆಯಲ್ಲಿ ಬಹು ಆಯ್ಕೆ 43, ಎಸ್ಎಕ್ಯೂ 7, ಡಿಬಿಕ್ಯೂ 5, ಎಲ್ಇಕ್ಯೂ 4. ಕೂಡಿಸಿದರೆ 74.7. ಏರಿದ 18 ಅಂಕದಲ್ಲಿ ಬಹು ಆಯ್ಕೆಯಿಂದ ಬಂದದ್ದು ಒಂದೂವರೆ ಅಷ್ಟೇ. ಉಳಿದದ್ದೆಲ್ಲ ಬರವಣಿಗೆಯಿಂದ.

ಪರೀಕ್ಷೆ ಮುಗಿಸಿ ಬಂದ ದಿನ ಬಹು ಆಯ್ಕೆ ಪ್ರಶ್ನೆ ನೆನಪು ಮಾಡಿಕೊಂಡು ಗೆಳೆಯರ ಜೊತೆ ಹಂಚಿಕೊಳ್ಳಲು ಹೋಗಬಾರದು, ಅದಕ್ಕೆ ಅನುಮತಿ ಇಲ್ಲ. ಬರೆದದ್ದು ತಲೆಯಲ್ಲಿ ತಾಜಾ ಇರುವಾಗಲೇ ಥೀಸಿಸ್ ಬಂತಾ, ಎಷ್ಟು ದಾಖಲೆ ಬಳಸಿದೆ, ಹೊರಗಿನ ಸಾಕ್ಷ್ಯ ಹಾಕಿದೆಯಾ ಅಂತ ತನಗೆ ತಾನೇ ಗುರುತು ಹಾಕಿಕೊಂಡರೆ ಸಾಕು. ಅವಳು ಊಟಕ್ಕೆ ಮೊದಲೇ ಒಂದು ಚೀಟಿಯಲ್ಲಿ ಬರೆದು ಮಡಚಿ ನನ್ನ ಕೈಗೆ ಕೊಟ್ಟಳು: 69ರಿಂದ 75. ಜುಲೈನಲ್ಲಿ ಫಲಿತಾಂಶ ಬಂದಾಗ ಚೀಟಿ ಬಿಚ್ಚಿದೆವು. 4 ಬಂದಿತ್ತು.